ಉತ್ತರದ ಕಡಲಲ್ಲಿ ಅಪರಿಚಿತ ಮೀನು: ಇದು ಭೂಕಂಪದ ಮುನ್ಸೂಚನೆಯೇ?

ಉತ್ತರದ ತಂಪು ಕಡಲತೀರಗಳಲ್ಲಿ ಹಿಂದೆ ಕಾಣದ ಮೀನು ಸಿಕ್ಕರೆ ಭೂಕಂಪವೋ ಸುನಾಮಿಯೋ ಸಮೀಪಿಸಿದೆ ಎಂಬ ಸಂದೇಶ ಆಗಾಗ ಹರಿದಾಡುತ್ತದೆ. ಅಪರೂಪದ್ದನ್ನು ಕಂಡಾಗ ಅಳುಕುವುದು ಸಹಜವಾದರೂ ಈ ನಂಬಿಕೆಗೆ ಆಧಾರವಿಲ್ಲ. ಮೀನುಗಳು ತಮಗೆ ಒಗ್ಗುವ ಉಷ್ಣತೆಯನ್ನೂ ಆಹಾರವನ್ನೂ ಅರಸಿ ಚಲಿಸುತ್ತವೆ. 2014ರಿಂದ 2016ರವರೆಗೆ ಈಶಾನ್ಯ ಪೆಸಿಫಿಕ್ ಸಾಗರದ ನೀರು ಅಸಹಜವಾಗಿ ಬಿಸಿಯಾಗಿದ್ದಾಗ ಬೆಚ್ಚನೆಯ ನೀರಿನ ಸನ್‌ಫಿಶ್ ಅಲಾಸ್ಕಾದ ಬಳಿಯೂ ಕಾಣಿಸಿಕೊಂಡಿತು; ಅಟ್ಲಾಂಟಿಕ್ಕಿನಲ್ಲಿ ಬಂಗುಡೆಯ ಬಂಧುವಾದ ಮ್ಯಾಕೆರೆಲ್, 2000ದ ದಶಕದ ಉತ್ತರಾರ್ಧದಲ್ಲಿ ಐಸ್‌ಲ್ಯಾಂಡಿನ ಸುತ್ತ ಹೇರಳವಾಯಿತು. ಜಪಾನಿನಲ್ಲಿ ಆಳಸಮುದ್ರದ ಮೀನುಗಳು ಕಂಡ 336 ದಾಖಲೆಗಳನ್ನು ಭೂಕಂಪಗಳೊಂದಿಗೆ ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭೂಕಂಪದೊಂದಿಗೆ ತಾಳೆಯಾದದ್ದು ಒಂದೇ ಒಂದು ದಾಖಲೆ.

ಇಂಥ ಸಂದೇಶ ಬಂದಾಗ, ಅದರಲ್ಲಿರುವ ಚಿತ್ರವನ್ನೇ ಅಂತರ್ಜಾಲದಲ್ಲಿ ಹುಡುಕಿದರೆ ಅದು ಹಳೆಯದೋ, ಬೇರೆ ತೀರದ್ದೋ ಎಂಬುದು ಬಹುತೇಕ ತಿಳಿಯುತ್ತದೆ. ಸಮುದ್ರದ ಮೇಲ್ಮೈ ಉಷ್ಣತೆಯ ನಕ್ಷೆಗಳೂ ಭೂಕಂಪಗಳ ದಾಖಲೆಗಳೂ ಉಚಿತವಾಗಿ ಸಿಗುತ್ತವೆ. ಅವುಗಳನ್ನು ನೋಡುವಾಗ, ಮೀನು ಬಂದೂ ಭೂಮಿ ಕಂಪಿಸದ ಸಂದರ್ಭಗಳನ್ನು ಎಣಿಕೆಗೆ ಸೇರಿಸಬೇಕು.