ಅದೇ ಕೈಯಲ್ಲಿ ಚಕ್ಕುಲಿ ತಿಂದ

ನಿನ್ನೆ ರಾತ್ರಿಯಿಂದ ತಲೆ ಕೆಟ್ಟೋಗಿದೆ, ಬರೆದೇ ಬಿಡ್ತೀನಿ. ತಮ್ಮ ಒಹಾಯೋದಿಂದ ವಿಡಿಯೋ ಕಾಲ್ ಮಾಡಿದ್ದ, ಗ್ಯಾರೇಜಲ್ಲಿ ಕೂತ್ಕೊಂಡು. ಅವನ ಶೂಟಿಂಗ್ ಹುಚ್ಚು ನಿಮಗೆಲ್ಲ ಗೊತ್ತಿರೋದೇ. ಹಾರಿಸಿದ ಮೇಲೆ ಉಳಿಯೋ ಹಿತ್ತಾಳೆ ಕೇಸ್‌ಗಳನ್ನ ಆಯ್ಕೊಂಡು ಬಂದು ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸೋ ಪುಟ್ಟ ಬಿಲ್ಲೆ) ಹಾಕಿ, ಮದ್ದು ತುಂಬಿ, ಮೇಲೊಂದು ಗುಂಡು ಕೂರಿಸಿ ಮತ್ತೆ ಬಳಸ್ತಾನೆ, ಅದಕ್ಕೆ ರೀಲೋಡಿಂಗ್ ಅಂತಾರೆ. (ಇಲ್ಲಿ ಯಾರೂ ಟ್ರೈ ಮಾಡಕ್ಕೆ ಹೋಗ್ಬೇಡಿ, 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ದೆ ಮದ್ದುಗುಂಡು ತಯಾರಿಸೋದು ಅಪರಾಧ.) ಗುಂಡನ್ನೂ ಅವನೇ ಸೀಸ ಕರಗಿಸಿ ಅಚ್ಚಿಗೆ ಹುಯ್ಯೋದು. ನಿನ್ನೆ ಅವಕ್ಕೆ ಅಲಾಕ್ಸ್ ಹಚ್ತಾ ಇದ್ದ, ಕಂದು ಬಣ್ಣದ ಜಿಡ್ಡು, ಬೆಲ್ಲದ ಪಾಕದ ಥರ ಅಂಟು. ಹೆಬ್ಬೆರಳು ತೋರುಬೆರಳು ಎರಡೂ ಕರ್ರಗೆ. ಮಾತಾಡ್ತಾ ಮಾತಾಡ್ತಾ ಅಮ್ಮ ಕಳಿಸಿದ್ದ ಚಕ್ಕುಲಿ ಡಬ್ಬಕ್ಕೆ ಅದೇ ಕೈ ಹಾಕಿ ಒಂದು ತೆಗೆದ, ಮುರಿದ, ಅರ್ಧ ತನ್ನ ಬಾಯಿಗೆ, ಇನ್ನರ್ಧ ಪಕ್ಕದಲ್ಲಿ ಹೋಂವರ್ಕ್ ಮಾಡ್ತಿದ್ದ ಮಗಳಿಗೆ. ಆರು ವರ್ಷದ ಮಗು ಅದು.

ಸೀಸ ವಿಷ ಕಣೋ ಅಂತ ನಾನು ಕಿರುಚಿದ್ದು ಕೇಳಿ ಅಡುಗೆಮನೆಯಿಂದ ಅಮ್ಮ ಓಡಿ ಬಂದ್ರು.

ಎರಡು ವರ್ಷದಿಂದ ಹೇಳ್ತಾನೇ ಇದೀನಿ, ಆ ಜಿಡ್ಡು ಬಿಡು, ಗುಂಡಿಗೆ ಕೋಟಿಂಗ್ ಮಾಡು ಅಂತ. ಪೀಣ್ಯದಲ್ಲಿ ಇಪ್ಪತ್ತು ವರ್ಷದಿಂದ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಿಡಿಸಿ ಓವನ್‌ನಲ್ಲಿ ಬೇಯಿಸೋದು) ಮಾಡಿಸ್ಕೊಂಡೇ ಅನ್ನ ತಿಂತಿರೋಳು ನಾನು, ಗ್ರಿಲ್ಲು, ಪ್ಯಾನೆಲ್ಲು, ಗಾಡಿ ವೀಲು ಎಲ್ಲಾ ನೋಡಿದೀನಿ. ಜಿಡ್ಡು ಯಾಕೆ ಹಚ್ತಾರೆ ಅಂತಾನೂ ಗೊತ್ತು. ಸೀಸ ಮೆತ್ತಗೆ, ಬ್ಯಾರಲ್ ಒಳಗೆ ಉಜ್ಜಿ ಅಲ್ಲೇ ಮೆತ್ಕೊಳತ್ತೆ, ಅದಾಗಬಾರ್ದು ಅಂತ ಗುಂಡಿನ ಸುತ್ತ ಇರೋ ಸಣ್ಣ ತೋಡಿನಲ್ಲಿ ಜೇನುಮೇಣನೋ ಅಲಾಕ್ಸೋ ತುಂಬ್ತಾರೆ. ಸರಿ. ಆದರೆ ಹಾರಿಸಿದಾಗ ಅದೇ ಸುಟ್ಟು ಹೊಗೆ, ಮುಟ್ಟಿದ್ದಕ್ಕೆಲ್ಲ ಧೂಳು ಅಂಟೋದು, ಗುಂಡು ಕೂರಿಸೋ ಡೈ ಒಳಗೆ ಗಟ್ಟಿಯಾಗ್ತಾ ಹೋಗಿ ಆಳ ಹೆಚ್ಚುಕಮ್ಮಿ ಆಗೋದು. ಎಲ್ಲಕ್ಕಿಂತ ಹೆಚ್ಚಾಗಿ ಆ ಕೈ. ಕೈಯಿಂದ ಬಾಯಿಗೆ.

ಪೌಡರ್ ಹಾಕೋಕೆ ಏನು ಮಹಾ ಕಷ್ಟ? ಪ್ಲಾಸ್ಟಿಕ್ ಡಬ್ಬದಲ್ಲಿ ಗುಂಡು, ಪಾಲಿಯೆಸ್ಟರ್ ಪೌಡರ್, ಒಂದು ಹಿಡಿ ಪ್ಲಾಸ್ಟಿಕ್ ಮಣಿ ಹಾಕಿ ಕುಲುಕಿದ್ರೆ ಆ ಉಜ್ಜಾಟಕ್ಕೇ ಚಾರ್ಜ್ ಆಗಿ ಪೌಡರ್ ಹಿಡ್ಕೊಳತ್ತೆ. ಆಮೇಲೆ ಓವನ್‌ನಲ್ಲಿ 200 ಡಿಗ್ರಿ ಸೆಲ್ಸಿಯಸ್, 20 ನಿಮಿಷ. ಸೀಸ ಕರಗೋದು 327ಕ್ಕೆ, ಹೆದರೋದೇನಿಲ್ಲ. (ಆ ಓವನ್‌ನಲ್ಲಿ ಮತ್ತೆ ಯಾವತ್ತೂ ಅಡುಗೆ ಮಾಡೋ ಹಾಗಿಲ್ಲ, ಇದು ದಪ್ಪಕ್ಷರದಲ್ಲಿ ಓದ್ಕೊಳ್ಳಿ.) ಬೆಂದಿದೆಯಾ ಅಂತ ನೋಡೋಕೆ ಒಂದು ಗುಂಡು ತಗೊಂಡು ಸುತ್ತಿಗೇಲಿ ಚಪ್ಪಟೆಯಾಗೋ ಹಾಗೆ ಹೊಡೀಬೇಕು. ಬಣ್ಣ ಚಕ್ಕೆಚಕ್ಕೆಯಾಗಿ ಎದ್ರೆ ಹಸಿ, ಸೀಸದ ಜೊತೆಗೇ ಹರಡ್ಕೊಂಡು ಅಂಟ್ಕೊಂಡೇ ಇದ್ರೆ ಪಾಸ್. ಕೇಸಿನ ಬಾಯಿ ಮಾತ್ರ ಒಂಚೂರು ಜಾಸ್ತಿ ಅಗಲಿಸ್ಬೇಕು, ಇಲ್ಲಾಂದ್ರೆ ಕೂರಿಸುವಾಗ ಕೋಟಿಂಗ್ ಹೆರೆದು ಬರತ್ತೆ. ಅಷ್ಟೇ ಕಣ್ರೀ.

ಅದಕ್ಕೆ ಅವನ ವಾದ ಏನ್ಗೊತ್ತಾ? ಪ್ರೈಮರ್‌ನಲ್ಲೂ ಸೀಸ ಇದೆ, ಕರಗಿಸಿ ಹುಯ್ಯುವಾಗ್ಲೂ ಸೀಸ ಮುಟ್ಟೇ ಮುಟ್ತೀವಿ, ಕೋಟಿಂಗ್‌ನಿಂದ ಎಲ್ಲಾ ಹೋಗ್ಬಿಡತ್ತಾ ಅಂತ. ಒಪ್ಕೋತೀನಿ, ಹೋಗಲ್ಲ. ಮನೆ ಸೂರು ಎರಡು ಕಡೆ ಸೋರ್ತಿದೆ ಅಂತ ಒಂದು ಕಡೆಯೂ ಮುಚ್ಚಬಾರ್ದಾ? ಒಂದೊಂದಾಗಿ ಸಾವಿರ ಗುಂಡು ಬೆರಳಲ್ಲಿ ಹಿಡಿದು ಕೂರಿಸೋನು ನೀನೇ ತಾನೇ, ಆ ಸಾವಿರ ಸಲ ಬೆರಳಿಗೂ ಸೀಸಕ್ಕೂ ನಡುವೆ ಒಂದು ಪದರ ಇರ್ಲಿ ಅಂದ್ರೆ ತಪ್ಪಾ?

ನನಗ್ಯಾಕೆ ಇಷ್ಟು ಸಿಟ್ಟು ಬರತ್ತೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಅಪ್ಪ ಬಳೇಪೇಟೆಯ ಒಂದು ಪ್ರೆಸ್‌ನಲ್ಲಿ ಮೊಳೆ ಜೋಡಿಸ್ತಿದ್ರು. ಅಚ್ಚಿನ ಮೊಳೆ ಅಂದ್ರೂ ಅದೇ ಸೀಸ, ಆಂಟಿಮನಿ, ತವರ. ತಮ್ಮನ ಥರದವರು ಹಳೇ ಪ್ರೆಸ್‌ಗಳ ಲೈನೋಟೈಪ್ ಲೋಹ ಎಲ್ಲಿ ಸಿಗತ್ತೆ ಅಂತ ಈಗ್ಲೂ ಹುಡುಕ್ತಾರೆ, ಗುಂಡು ಗಟ್ಟಿಯಾಗತ್ತೆ ಅಂತ. ಅಪ್ಪನ ಬೆರಳೂ ಹಂಗೇ ಕರ್ರಗಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿ, ಕೈಯನ್ನ ಪಂಚೆಗೆ ಒರೆಸ್ಕೊಂಡು ಚಿತ್ರಾನ್ನ ತಿಂತಿದ್ರು, ಪ್ರೆಸ್‌ಗೆ ಹೋದಾಗೆಲ್ಲ ನನಗೂ ಅದೇ ಕೈಯಿಂದ ಎರಡು ತುತ್ತು. ಕೊನೆಕೊನೆಗೆ ಕೈ ನಡುಗೋದು, ಸದಾ ಹೊಟ್ಟೆನೋವು. ಸೀಸದಿಂದಾನೇ ಅಂತ ನಾನು ಹೇಳಲ್ಲ, ರಕ್ತ ಟೆಸ್ಟ್ ಯಾರೂ ಮಾಡಿಸ್ಲೇ ಇಲ್ಲ. ಮಾಡಿಸ್ಬೇಕು ಅಂತ ನನಗೆ ಗೊತ್ತಾಗುವಷ್ಟರಲ್ಲಿ ಅವರು ಹೋಗಿದ್ರು. ಇದನ್ನ ಇಲ್ಲಿ ಯಾವತ್ತೂ ಬರೆದಿರ್ಲಿಲ್ಲ.

ಇದೇ ಊರಲ್ಲಿ, ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಲ್ಲಿ, ಸೀಸಕ್ಕೆ ಅಂತಾನೇ ರಾಷ್ಟ್ರೀಯ ರೆಫರಲ್ ಸೆಂಟರ್ ಶುರುವಾಯ್ತು. 2000ದಲ್ಲಿ ದೇಶದ ಪೆಟ್ರೋಲಿಂದಾನೇ ಸೀಸ ತೆಗೆದ್ರು. ಇಷ್ಟು ಸೀಸ ಇದ್ರೆ ಪರವಾಗಿಲ್ಲ ಅನ್ನೋ ಮಟ್ಟಾನೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳತ್ತೆ, ಹೊಟ್ಟೆಗೆ ಹೋದ ಸೀಸವನ್ನ ದೊಡ್ಡೋರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಮಕ್ಕಳ ಮೈ ಹೀರ್ಕೊಳತ್ತೆ ಅಂತಾನೂ. ಮಕ್ಕಳ. ಅವನು ಅರ್ಧ ಚಕ್ಕುಲಿ ಕೊಟ್ಟಿದ್ದು ಯಾರಿಗೆ?

"ಅಕ್ಕ, ನೀನು ಎಲ್ಲಾನೂ ಅಪ್ಪನಿಗೇ ತಂದು ನಿಲ್ಲಿಸ್ತೀಯ" ಅಂತ ಹೇಳಿ ಕಾಲ್ ಕಟ್ ಮಾಡ್ದ. ಹೂಂ, ನಿಲ್ಲಿಸ್ತೀನಿ. ಬೆಳಗ್ಗೆ ಎದ್ದು ಮೆಸೇಜ್ ಹಾಕಿದೀನಿ: ನಿಂದು, ಮಗುಂದು, ಇಬ್ಬರದ್ದೂ ಬ್ಲಡ್ ಲೆಡ್ ಟೆಸ್ಟ್ ಈ ವಾರಾನೇ ಮಾಡಿಸಿ ರಿಪೋರ್ಟ್ ಕಳ್ಸು. ಎರಡು ನೀಲಿ ಟಿಕ್ ಬಿದ್ದಿದೆ, ಉತ್ತರ ಬಂದಿಲ್ಲ. ಸಂಜೆ ಮತ್ತೆ ಕಾಲ್ ಮಾಡ್ತೀನಿ, ಅವನು ಎತ್ತದಿದ್ರೆ ನಾದಿನಿಗೆ.