ಮ್ಯಾನ್ಮಾರ್ ಸೇನಾಡಳಿತದ ಮೇಲೆ ಭಾರತವೂ ನಿರ್ಬಂಧ ಹೇರಬೇಕೇ?

ಪರ

2021ರ ಫೆಬ್ರವರಿ 1ರಂದು ಮ್ಯಾನ್ಮಾರ್‌ನ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿ ಆಂಗ್ ಸಾನ್ ಸೂ ಕಿ ಅವರನ್ನು ಬಂಧಿಸಿದ ಮೇಲೆ ಅಮೆರಿಕ, ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟ ಒಂದರ ಹಿಂದೊಂದು ನಿರ್ಬಂಧ ಹೇರಿದವು. ಆ ದೇಶಕ್ಕೆ ಶಸ್ತ್ರಾಸ್ತ್ರ ಹರಿದುಹೋಗುವುದನ್ನು ತಡೆಯಬೇಕೆಂಬ ನಿರ್ಣಯ ಅದೇ ಜೂನ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ಮುಂದೆ ಬಂದಾಗ 119 ದೇಶಗಳು ಒಪ್ಪಿದವು. ಮತ ಹಾಕದೆ ಉಳಿದ 36 ದೇಶಗಳಲ್ಲಿ ಭಾರತವೂ ಒಂದು.

ಅದು ನಿಜಕ್ಕೂ ತಟಸ್ಥ ನಿಲುವಾಗಿದ್ದರೆ ಹೇಗೋ ಸಮರ್ಥಿಸಬಹುದಿತ್ತು. ಆದರೆ ಮ್ಯಾನ್ಮಾರ್‌ನ ಮಾನವ ಹಕ್ಕುಗಳ ಸ್ಥಿತಿ ಗಮನಿಸುವ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಟಾಮ್ ಆಂಡ್ರ್ಯೂಸ್ 2023ರಲ್ಲಿ ನೀಡಿದ ವರದಿಯ ಪ್ರಕಾರ, ಕ್ಷಿಪ್ರಕ್ರಾಂತಿಯ ನಂತರವೂ ಭಾರತದಿಂದ ಆ ಸೇನೆಗೆ 5.1 ಕೋಟಿ ಡಾಲರ್ ಮೌಲ್ಯದ ಶಸ್ತ್ರಾಸ್ತ್ರ ಮತ್ತು ಪೂರಕ ಸಾಮಗ್ರಿ ಹೋಗಿದೆ, ಪೂರೈಸಿದವರಲ್ಲಿ ಸರ್ಕಾರಿ ಸ್ವಾಮ್ಯದ ಕಂಪನಿಗಳೂ ಇವೆ. ರಕ್ಷಣಾ ಉದ್ಯಮದಿಂದಲೇ ಬೆಳೆದ ಬೆಂಗಳೂರಿನವರು ಇದನ್ನು ಯಾವುದೋ ದೇಶದ ಸುದ್ದಿಯೆಂದು ಪುಟ ಮಗುಚುವಂತಿಲ್ಲ. ಅದೇ ವರದಿ ಸಿಂಗಪುರದ ಕಂಪನಿಗಳನ್ನೂ ಹೆಸರಿಸಿತ್ತು. ಅಲ್ಲಿನ ಸರ್ಕಾರ ತನಿಖೆಗೆ ಇಳಿಯಿತು, ಮರುವರ್ಷದ ಹೊತ್ತಿಗೆ ಅಲ್ಲಿಂದ ಹೋಗುತ್ತಿದ್ದ ಸೇನಾ ಸಾಮಗ್ರಿ ಸುಮಾರು ಶೇ 90ರಷ್ಟು ಇಳಿಯಿತು.

ನಿರ್ಬಂಧ ಹೇರುವುದು ನಮಗೇನೂ ಹೊಸದಲ್ಲ. ಜನಾಂಗ ತಾರತಮ್ಯ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾದೊಂದಿಗಿನ ವ್ಯಾಪಾರವನ್ನು ಭಾರತ 1946ರಲ್ಲೇ, ಸ್ವಾತಂತ್ರ್ಯ ಕೈಸೇರುವ ಮೊದಲೇ, ಕಡಿದುಕೊಂಡಿತ್ತು. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ ನಮ್ಮ ಟೆನಿಸ್ ತಂಡ ಆ ದೇಶದೊಂದಿಗೆ ಆಡಲೊಲ್ಲದೆ ಕಪ್ಪನ್ನೇ ಬಿಟ್ಟುಕೊಟ್ಟಿತು. ಸೇನೆಯೊಡನೆ ಮುನಿಸಿಕೊಂಡರೆ ಯೋಜನೆಗಳು ಕೆಡುತ್ತವೆ ಎಂಬ ವಾದಕ್ಕೂ ಈಗ ಬಲವಿಲ್ಲ, ಏಕೆಂದರೆ ಮ್ಯಾನ್ಮಾರ್ ಮೂಲಕ ಮಿಜೋರಾಂಗೆ ಜಲ ಮತ್ತು ರಸ್ತೆ ಮಾರ್ಗ ಕಲ್ಪಿಸಲು ನಾವು ಹಣ ಸುರಿದ ಕಲಾದಾನ್ ಯೋಜನೆಯ ಹಾದಿಯಲ್ಲಿರುವ ಪಲೆಟ್ವಾ ಪಟ್ಟಣ 2024ರ ಜನವರಿಯಲ್ಲಿ ಸೇನೆಯ ವಿರುದ್ಧ ಹೋರಾಡುವ ಬಂಡುಕೋರ ಪಡೆ ಅರಾಕಾನ್ ಆರ್ಮಿಯ ವಶವಾಯಿತು.

ವಿರೋಧ

ದಕ್ಷಿಣ ಆಫ್ರಿಕಾದ ಉದಾಹರಣೆ ಕೇಳಲು ಚೆನ್ನ, ಆದರೆ ಇಲ್ಲಿಗೆ ಒಗ್ಗುವುದಿಲ್ಲ. ಅಲ್ಲಿನ ಬಿಳಿಯರ ಸರ್ಕಾರಕ್ಕೆ ಬಿಸಿ ಮುಟ್ಟಿದ್ದು 1985ರಲ್ಲಿ ಅಮೆರಿಕದ ಬ್ಯಾಂಕುಗಳು ಸಾಲ ನವೀಕರಿಸಲು ಒಲ್ಲೆವೆಂದಾಗ. ಮ್ಯಾನ್ಮಾರ್‌ನ ಜನರಲ್‌ಗಳಿಗೆ ಶಸ್ತ್ರಾಸ್ತ್ರ ಬರುವುದು ಮುಖ್ಯವಾಗಿ ರಷ್ಯಾ ಮತ್ತು ಚೀನಾಗಳಿಂದ, ಅನಿಲ ಕೊಳ್ಳುವವರು ಚೀನಾ ಮತ್ತು ಥಾಯ್ಲೆಂಡ್. ಸಿಂಗಪುರ ಬಾಗಿಲು ಹಾಕಿದ ವರ್ಷವೇ ಥಾಯ್ಲೆಂಡ್‌ನ ಬ್ಯಾಂಕುಗಳ ಮೂಲಕ ನಡೆಯುವ ಖರೀದಿ ಇಮ್ಮಡಿಯಾದುದನ್ನು ಪರವಾದಿಗಳು ಹೇಳುವುದಿಲ್ಲ.

ಪೆಟ್ಟು ಬೀಳುವುದು ಯಾರಿಗೆ? 2003ರಲ್ಲಿ ಅಮೆರಿಕ ಆ ದೇಶದ ಸರಕಿನ ಆಮದನ್ನೇ ನಿಷೇಧಿಸಿದಾಗ ಗಾರ್ಮೆಂಟ್ಸ್ ಕಾರ್ಖಾನೆಗಳು ಮುಚ್ಚಿ ಸಾವಿರಾರು ಹೆಣ್ಣುಮಕ್ಕಳು ಕೆಲಸ ಕಳೆದುಕೊಂಡರು, ಸೇನೆ ಮಾತ್ರ ಕುರ್ಚಿ ಬಿಡಲಿಲ್ಲ. ಪೀಣ್ಯದಲ್ಲಿ ಗಾರ್ಮೆಂಟ್ಸ್ ಒಂದು ಮುಚ್ಚಿದರೆ ಏನಾಗುತ್ತದೆಂದು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ. ಈಗಿನ ನಿರ್ಬಂಧ ಸೇನೆಯ ಕಂಪನಿಗಳ ಮೇಲಷ್ಟೇ ಎಂದು ಎಷ್ಟು ಹೇಳಿದರೂ ಬ್ಯಾಂಕುಗಳು ಆ ದೇಶದ ಹೆಸರಿರುವ ಪ್ರತಿಯೊಂದು ವ್ಯವಹಾರವನ್ನೂ ಅನುಮಾನದಿಂದಲೇ ನೋಡುತ್ತವೆ.

ಉದ್ದನ್ನೇ ತೆಗೆದುಕೊಳ್ಳಿ. ಅಲ್ಲಿನ ರೈತರು ಬೆಳೆಯುವ ಉದ್ದಿನ ಬಹುಪಾಲಿಗೆ ಗಿರಾಕಿ ಭಾರತವೇ, ವರ್ಷಕ್ಕೆ 2.5 ಲಕ್ಷ ಟನ್ ಉದ್ದು, 1 ಲಕ್ಷ ಟನ್ ತೊಗರಿ ಕೊಳ್ಳಲು ಕ್ಷಿಪ್ರಕ್ರಾಂತಿಯ ವರ್ಷದಲ್ಲೇ ಒಪ್ಪಂದವಾಯಿತು. ಚೆನ್ನೈ ಬಂದರಿನಲ್ಲಿ ಬರ್ಮಾ ಉದ್ದಿನ ದರ ಏರಿದರೆ ಯಶವಂತಪುರದ ಎಪಿಎಂಸಿ ಯಾರ್ಡಿನ ಮಂಡಿಗಳಲ್ಲಿ ಬೇಳೆಯ ದರ ಏರುತ್ತದೆ, ಆಮೇಲೆ ದರ್ಶಿನಿಗಳ ವಡೆಯದು. (ಆಮದು ತೊಗರಿ ನಿಂತರೆ ಕಲಬುರಗಿಯ ರೈತ ಬೇಸರ ಪಡಲಿಕ್ಕಿಲ್ಲ, ಅದು ಬೇರೆ ಮಾತು.) ವಡೆಯ ದರಕ್ಕಿಂತ ದೊಡ್ಡ ಚಿಂತೆ ಗಡಿಯದು: ಅದರ ಉದ್ದ 1,643 ಕಿ.ಮೀ., ಈಗಾಗಲೇ ಹತ್ತಾರು ಸಾವಿರ ನಿರಾಶ್ರಿತರು ಮಿಜೋರಾಂಗೆ ಬಂದಿದ್ದಾರೆ. ಆ ದೇಶದ ಬಡವರ ದುಡಿಮೆಗೂ ಕಲ್ಲು ಬಿದ್ದರೆ ಅವರು ಬರುವುದು ವಾಷಿಂಗ್ಟನ್ನಿಗಲ್ಲ.

ಶಸ್ತ್ರಾಸ್ತ್ರ ಮಾರಾಟ ನಿಲ್ಲಲೇಬೇಕು, ಅದರಲ್ಲಿ ತಕರಾರಿಲ್ಲ. ಅದಕ್ಕೆ ನಿರ್ಬಂಧದ ಘೋಷಣೆ ಬೇಕಿಲ್ಲ. ರಕ್ಷಣಾ ಸಾಮಗ್ರಿಯ ರಫ್ತಿಗೆ ಹೇಗೂ ದೆಹಲಿಯ ಪರವಾನಗಿ ಬೇಕು, ಅದನ್ನು ಕೊಡದಿದ್ದರಾಯಿತು.