ಒಂದೇ ಸೂರು, ಮೂರು ಒಲೆ

ನಾವಿರುವುದು ಇಂಗ್ಲೆಂಡಿನ ಡೆವನ್ ಸೀಮೆಯ ಒಂದು ಹಳ್ಳಿಯಲ್ಲಿ. ಹೋದ ತಿಂಗಳು ಇಲ್ಲಿನ ಪ್ಯಾರಿಷ್ ಕೌನ್ಸಿಲ್‌ನಿಂದ, ಅಂದರೆ ನಮ್ಮ ಪಂಚಾಯ್ತಿಯಂಥದ್ದರಿಂದ, ಪ್ರತಿ ಮನೆಗೂ ಒಂದು ಲಕೋಟೆ ಬಂತು. ಒಳಗೆ ಒಂದು ಫಾರಂ, ಅದನ್ನು ವಾಪಸು ಕಳಿಸಲು ಅಂಚೆಚೀಟಿ ಬೇಡದ ಇನ್ನೊಂದು ಲಕೋಟೆ. ಊರಿನವರ ಕೈಗೆಟಕುವಂಥ ಮನೆಗಳು ಎಷ್ಟು ಬೇಕು ಎಂದು ಲೆಕ್ಕ ಹಾಕುವ ಸಮೀಕ್ಷೆ. ಯಾರು ಏನು ಬರೆದರೆಂಬುದು ಹೊರಗೆ ಬರುವುದಿಲ್ಲ.

ನಿಮ್ಮ ಮನೆಯಲ್ಲಿ ಬೇರೆ ಮನೆ ಬೇಕಾದವರು ಯಾರಾದರೂ ಇದ್ದಾರೆಯೇ? ಬಾಡಿಗೆ ಎಷ್ಟು ಕೊಡಬಲ್ಲರು? ಮನೆ ಸಿಗದೆ ಊರು ಬಿಟ್ಟು ಹೋದವರು ನಿಮ್ಮ ಕುಟುಂಬದಲ್ಲಿ ಇದ್ದಾರೆಯೇ? ಈ ಕೊನೆಯ ಪ್ರಶ್ನೆಗೆ ಬಂದಾಗ ನನಗೆ ಸಿರಾ ತಾಲ್ಲೂಕಿನ ನಮ್ಮ ಚಿಕ್ಕಮ್ಮನ ಮನೆ ಕಣ್ಣ ಮುಂದೆ ಬಂತು.

ಹೊರಗಿಂದ ನೋಡಿದರೆ ಅದು ಮೋಲ್ಡ್ ಮನೆ, ಯಾವ ಕೊರತೆಯೂ ಕಾಣದು. ಒಳಗೆ ಹೋದರೆ ನಡುಮನೆಗೆ ಅಡ್ಡಲಾಗಿ ಹಳೇ ಸೀರೆ ಕಟ್ಟಿದೆ. ಅದರ ಆಚೆ ದೊಡ್ಡ ಸೊಸೆಯ ಗ್ಯಾಸ್ ಒಲೆ, ಈಚೆ ಚಿಕ್ಕ ಸೊಸೆಯದು, ಹಿತ್ತಲ ಬಾಗಿಲ ಹತ್ತಿರ ಚಿಕ್ಕಮ್ಮನ ಸೌದೆ ಒಲೆ. ಮಳೆ ಬಂದ ರಾತ್ರಿ ಚಿಕ್ಕ ಮಗ ಕುರಿಮರಿಗಳನ್ನೂ ಒಳಗೇ ಹೊಡೆದುಕೊಂಡು ಬರುತ್ತಾನೆ.

ಸರ್ಕಾರದ ಲೆಕ್ಕದಲ್ಲಿ ಇವರಿಗೆ ಮನೆಯಿದೆ. 2016ರಲ್ಲಿ ಗ್ರಾಮೀಣ ಆವಾಸ್ ಯೋಜನೆ ಶುರುವಾದಾಗ ಪಟ್ಟಿಗೆ ಆಧಾರವಾದದ್ದು 2011ರ ಸಾಮಾಜಿಕ, ಆರ್ಥಿಕ ಗಣತಿ. ಅದು ಗುರುತಿಸಿದ್ದು ಮನೆಯೇ ಇಲ್ಲದವರನ್ನು, ಒಂದೆರಡು ಕೋಣೆಯ ಕಚ್ಚಾ ಮನೆಯವರನ್ನು. ಅವರಿಗೆ ಮೊದಲು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೋಲ್ಡಿನ ಕೆಳಗಿನ ಮೂರು ಸಂಸಾರ ಆ ಲೆಕ್ಕಕ್ಕೆ ಸಿಗುವುದಿಲ್ಲ. ಇಲ್ಲಿನ ಫಾರಂ ಸೂರನ್ನಲ್ಲ, ಸೂರಿನ ಕೆಳಗೆ ಇಕ್ಕಟ್ಟಾಗಿ ಇರುವವರನ್ನು ಎಣಿಸುತ್ತದೆ. ಅಪ್ಪನ ಮನೆಯಲ್ಲೇ ಉಳಿದ ಮೂವತ್ತರ ಮಗನೂ ಅದರಲ್ಲಿ ಬೇರೆ ಸಂಸಾರವೇ.

ನಮ್ಮ ಗ್ರಾಮಸಭೆಯ ಮೇಲೆ ನನಗೆ ಗೌರವವಿದೆ. ಫಲಾನುಭವಿಯ ಹೆಸರನ್ನು ಎಲ್ಲರೆದುರು ಓದಬೇಕು ಎನ್ನುವ ನಿಯಮ ಸಣ್ಣದಲ್ಲ. ಹಾಗಿದ್ದರೂ ಯಾರಿಗೆ ಮನೆ ಬೇಕು ಎಂದು ಕೇಳುವುದನ್ನೂ ಅಲ್ಲೇ ಕೇಳುತ್ತೇವೆ, ಅದೇ ತಪ್ಪು. ಒಮ್ಮೆ ರಜೆಗೆ ಬಂದಾಗ ಸಭೆಗೆ ಹೋಗಿದ್ದೆ. ಶಾಲೆಯ ಜಗಲಿಯ ಕಂಬಕ್ಕೆ ಒರಗಿ ನಿಂತ ಚಿಕ್ಕಮ್ಮ ಸೆರಗು ಹೊದ್ದುಕೊಂಡು ಕೊನೆವರೆಗೂ ತುಟಿ ಬಿಚ್ಚಲಿಲ್ಲ. "ಮಕ್ಕಳು ಬೇರೆ ಆಗ್ತಾರೆ ಅಂತ ಊರ ಮುಂದೆ ಹೆಂಗಪ್ಪ ಹೇಳ್ಲಿ?" ಎಂದರು ದಾರಿಯಲ್ಲಿ. ಸಭೆಗೆ ಮೊದಲು ಮನೆಬಾಗಿಲಿಗೆ ಬಂದು ಒಬ್ಬೊಬ್ಬರನ್ನೇ ಕೇಳಬೇಕು. ಓದುಬರಹ ಬಾರದವರ ಹತ್ತಿರ ಸ್ತ್ರೀಶಕ್ತಿ ಸಂಘದ ಹೆಣ್ಣುಮಗಳೊಬ್ಬಳು ಕೂತು ಬರೆದುಕೊಳ್ಳಲಿ. ಪಟ್ಟಿಯನ್ನು ಆಮೇಲೆ ಸಭೆಯಲ್ಲಿ ಧಾರಾಳವಾಗಿ ಓದಲಿ.

ಇಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಕಡಲ ಕಡೆಯ ಊರುಗಳಲ್ಲಿ ಹೊರಗಿನವರು ರಜೆಗೆಂದು ಕೊಂಡ ಮನೆಗಳು ಚಳಿಗಾಲವಿಡೀ ಕತ್ತಲಲ್ಲಿರುತ್ತವೆ. ಪಕ್ಕದ ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನಲ್ಲಿ 2016ರಲ್ಲಿ, ಹೊಸದಾಗಿ ಕಟ್ಟುವ ಮನೆ ಅಲ್ಲೇ ನೆಲೆಸುವವರಿಗೆ ಮಾತ್ರ ಎಂಬ ನಿಯಮಕ್ಕೆ ಮತ ಹಾಕಿದವರಲ್ಲಿ ಶೇ. 83 ಮಂದಿ ಒಪ್ಪಿದರು. ಸಮೀಕ್ಷೆ ಮುಗಿದರೂ ಜಾಗ ಸಿಕ್ಕು, ಎಂಟೋ ಹತ್ತೋ ಮನೆ ಏಳಲು ವರ್ಷಗಳೇ ಹಿಡಿಯುತ್ತವೆ. ಊರಂಚಿನಲ್ಲಿ, ಬೇರೆ ಯಾರಿಗೂ ಕಟ್ಟಲು ಅನುಮತಿ ಸಿಗದ ಹೊಲದಲ್ಲಿ ಊರಿನವರ ಕೈಗೆಟಕುವ ಈ ಮನೆಗಳಿಗೆ ಮಾತ್ರ ಅನುಮತಿ. ಹಾಗಾಗಿ ಜಮೀನು ಕಡಿಮೆ ಬೆಲೆಗೆ ದಕ್ಕುತ್ತದೆ. ಆ ಊರಲ್ಲಿ ಹುಟ್ಟಿ ಬೆಳೆದವರು, ದುಡಿಯುವವರು, ಹತ್ತಿರದ ನೆಂಟರಿರುವವರು, ಇವರಿಗೇ ಮೊದಲ ಹಕ್ಕು. ನಮ್ಮಲ್ಲಿ ಸೈಟು ಇದ್ದವರಿಗೆ ಮನೆಯ ಬಿಲ್ ಆಗುತ್ತದೆ, ಸೈಟೇ ಇಲ್ಲದವರು ವರ್ಷಗಟ್ಟಲೆ ಕಾಯುತ್ತಾರೆ. ಊರಂಚಿನ ಜಮೀನನ್ನು ಹೀಗೆ ಮೀಸಲಿಡುವುದನ್ನು ನಾವು ಕಲಿಯಬೇಕು.

ಭಾನುವಾರ ಚಿಕ್ಕಮ್ಮನಿಗೆ ವಿಡಿಯೋ ಕಾಲ್ ಮಾಡಿ ಆ ಫಾರಂನ ಪ್ರಶ್ನೆಗಳನ್ನೇ ಒಂದೊಂದಾಗಿ ಕೇಳಿದೆ. ಹಿತ್ತಲಿಗೆ ಹೋಗಿ ಕೂತು ಅರ್ಧ ಗಂಟೆ ಮಾತಾಡಿದರು. ಕಟ್ಟಿದ ಮನೆ ಬೇಡವಂತೆ. ಕೆರೆ ಏರಿಯ ಕೆಳಗೆ ಮೂವತ್ತು ನಲವತ್ತರ ಒಂದು ಸೈಟು ಸಿಕ್ಕರೆ ಚಿಕ್ಕವನು ಪಕ್ಕದಲ್ಲೇ ಕುರಿ ರೊಪ್ಪ ಹಾಕಿಕೊಂಡು, ಮನೆಯನ್ನು ತಾನೇ ಕಟ್ಟಿಕೊಳ್ಳುತ್ತಾನಂತೆ.